ಹೊಸ ಶಿಕ್ಷಕರಿಗೆ ಯಾರ ಮಾರ್ಗದರ್ಶನ? ರಾಯಚೂರು, ಕೊಪ್ಪಳ, ಬಳ್ಳಾರಿ ಶಾಲೆಗಳಿಗೆ ಒಂದು ಹೋಲಿಕೆ

ಹೋದ ಜೂನ್‌ನಲ್ಲಿ ಲಿಂಗಸುಗೂರು ತಾಲ್ಲೂಕಿನ ಒಂದು ಲಂಬಾಣಿ ತಾಂಡಾದ ಶಾಲೆಗೆ ಹೊಸದಾಗಿ ಟೀಚರ್ ಆಗಿ ಹೋದ ಹುಡುಗಿ ರಾತ್ರಿ ಒಂಬತ್ತಕ್ಕೆ ನನಗೆ ಫೋನ್ ಮಾಡಿದಳು. "ಅಕ್ಕಾ, ತರಬೇತಿ ಮುಗೀತು. ಪುಸ್ತಕ ಕೊಟ್ಟಾರ, ಲಿಂಕ್ ಕಳ್ಸ್ಯಾರ, ಗ್ರೂಪಿಗೆ ಸೇರ್ಸ್ಯಾರ. ಆದ್ರ ನಾಳೆ ಮುಂಜಾನೆ ಮೂವತ್ತೆರಡು ಹುಡುಗ್ರ ಮುಂದ ನಿಂತು ಏನ್ ಮಾಡ್ಲಿ ಅನ್ನೋದನ್ನ ಯಾರನ್ನ ಕೇಳ್ಲಿ?"

ಆ ರಾತ್ರಿ ಅವಳಿಗೆ ಅರ್ಧ ಉತ್ತರ ಹೇಳಿದೆ. ಪೂರ್ತಿ ಉತ್ತರ ಇಲ್ಲಿ ಬರೆಯುತ್ತಿದ್ದೇನೆ, ಯಾಕಂದ್ರೆ ಅವಳಂಥವರು ನಮ್ಮ ಕಡೆ ಈಗ ಬಹಳ ಮಂದಿ ಇದ್ದಾರೆ. 2022ರಲ್ಲಿ ಸರ್ಕಾರ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಅರ್ಜಿ ಕರೆದಾಗ ಅದರಲ್ಲಿ 5,000 ಹುದ್ದೆ ಕಲ್ಯಾಣ ಕರ್ನಾಟಕಕ್ಕೆ ಅಂತಲೇ ಇದ್ದವು. ಅದಾದ ಮೇಲೂ ಖಾಲಿ ಉಳಿದ ಕಡೆ ಅತಿಥಿ ಶಿಕ್ಷಕರು ಪಾಠ ಮಾಡುತ್ತಿದ್ದಾರೆ. ಖಾಸಗಿ ಶಾಲೆಗಳಲ್ಲಂತೂ ಪ್ರತಿ ವರ್ಷ ಹೊಸ ಮುಖಗಳು.

ಹೊಸಬರ ಕೈ ಹಿಡಿಯೋದಕ್ಕೆ ನಮ್ಮ ಮೂರು ಜಿಲ್ಲೆಗಳಲ್ಲಿ ದಾರಿಗಳಿಗೆ ಕೊರತೆ ಇಲ್ಲ. ಅದೇ ಶಾಲೆಯ ಹಿರಿಯ ಶಿಕ್ಷಕರು ಇದ್ದಾರೆ. ಅಕ್ಕಪಕ್ಕದ ಶಾಲೆಗಳ ಗುಂಪಿಗೆ, ಅಂದರೆ ಕ್ಲಸ್ಟರಿಗೆ, ಒಬ್ಬ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಇದ್ದಾರೆ. ಜಿಲ್ಲೆಗೊಂದು ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಅಂದರೆ ಡಯಟ್, ಇದೆ. ಅಜೀಂ ಪ್ರೇಮ್‌ಜಿ ಫೌಂಡೇಶನ್‌ನವರ ಶಿಕ್ಷಕರ ಕಲಿಕಾ ಕೇಂದ್ರಗಳಿವೆ. ಫೋನ್ ತೆಗೆದರೆ ಪಾಠದ ವಿಡಿಯೊ ಇರುವ ದೀಕ್ಷಾ, ಶಿಕ್ಷಕರ ತರಬೇತಿಯ ನಿಷ್ಠಾ, ವಾಟ್ಸಾಪ್ ಗುಂಪುಗಳು. ಎಲ್ಲವೂ ಉಪಯೋಗಕ್ಕೆ ಬರುತ್ತವೆ, ಆದರೆ ಒಂದೊಂದು ಮಾಡುವ ಕೆಲಸ ಬೇರೆ. ಇದು ಗೊತ್ತಿಲ್ಲದೆ ಹೋದರೆ ಡಯಟ್‌ನವರ ಹತ್ತಿರ ಕೇಳಬೇಕಾದ್ದನ್ನು ವಾಟ್ಸಾಪ್‌ನಲ್ಲಿ ಕೇಳಿ, ಪಕ್ಕದ ಕೋಣೆಯವರನ್ನು ಕೇಳಬೇಕಾದ್ದನ್ನು ಯಾರನ್ನೂ ಕೇಳದೆ ಒಂದು ವರ್ಷ ಕಳೆದುಬಿಡುತ್ತೇವೆ.

ಮೊದಲು ಏನು ನೋಡಬೇಕು

ನಾನು ಒಂದೇ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಇವರು ನನ್ನ ತರಗತಿಯೊಳಗೆ ಬಂದು, ಮಕ್ಕಳ ಹಿಂದೆ ಕೂತು, ಒಂದು ಪಿರಿಯಡ್ ಪೂರ್ತಿ ನೋಡುತ್ತಾರಾ? ನೋಡದೆ ಹೇಳುವ ಸಲಹೆ ಎಲ್ಲ ಶಾಲೆಗೂ ಒಂದೇ ಇರುತ್ತದೆ. ನಿಮ್ಮ ತರಗತಿಯಲ್ಲಿ ಕಿಟಕಿ ಪಕ್ಕದ ಹುಡುಗ ಯಾಕೆ ಬರೆಯಲ್ಲ ಅನ್ನೋದಕ್ಕೆ ಅದರಲ್ಲಿ ಉತ್ತರ ಸಿಗಲ್ಲ.

ಇನ್ನೊಂದು ವಿಷಯ ನಾವು ಬಾಯಿಬಿಟ್ಟು ಹೇಳೋದಿಲ್ಲ. ನೋಡಿದವರು ನೋಡಿದ್ದನ್ನು ನಮಗೆ ಹೇಳುತ್ತಾರಾ, ಇಲ್ಲ ಮೇಲಿನವರಿಗೆ ಬರೆದು ಕಳಿಸುತ್ತಾರಾ? ಕಾಯಂ ನೌಕರಿಗೆ ಬಂದವರಿಗೆ ಮೊದಲ ಎರಡು ವರ್ಷ ಪ್ರೊಬೇಷನ್. ಆ ಎರಡು ವರ್ಷ ಹೊಸಬರು ಹೆದರಿಕೊಂಡೇ ಇರುತ್ತಾರೆ. "ನನಗೆ ಭಿನ್ನರಾಶಿ ಹೇಳಿಕೊಡೋಕೆ ಸರಿಯಾಗಿ ಬರ್ತಿಲ್ಲ" ಅನ್ನೋ ಮಾತನ್ನು ವರದಿ ಬರೆಯುವವರ ಮುಂದೆ ಯಾರು ಆಡುತ್ತಾರೆ? ಆ ಮಾತು ಆಡದಿದ್ದರೆ ಭಿನ್ನರಾಶಿ ಸರಿಹೋಗೋದು ಹೇಗೆ?

ನನ್ನ ಮೊದಲ ವರ್ಷದಲ್ಲಿ ಒಬ್ಬರು ಶಾಲೆ ನೋಡಲು ಬಂದಿದ್ದರು. ಹಾಜರಿ ಪುಸ್ತಕ, ಬಿಸಿಯೂಟದ ಲೆಕ್ಕ, ಪಾಠ ಯೋಜನೆ, ಎಲ್ಲ ತಿರುವಿ ಹಾಕಿದರು. ಪಾಠ ಯೋಜನೆಯಲ್ಲಿ ಎರಡು ದಿನದ ಸಹಿ ಬಿಟ್ಟುಹೋಗಿತ್ತು, ಅದಕ್ಕೆ ಹದಿನೈದು ನಿಮಿಷ ಮಾತಾಡಿದರು. ನಾನು ಅವತ್ತು ಬೆಳಗಿನಿಂದ ಕಾಯುತ್ತಿದ್ದೆ, ಕಳೆಯುವ ಲೆಕ್ಕದಲ್ಲಿ ದಶಕ ತೆಗೆದುಕೊಳ್ಳೋದನ್ನು ಮಕ್ಕಳಿಗೆ ಹೇಗೆ ಹೇಳಲಿ ಅಂತ ಕೇಳಬೇಕೆಂದು. ಅವರು ತರಗತಿಯ ಹೊಸ್ತಿಲು ದಾಟಲಿಲ್ಲ. ಜೀಪು ಹೋದ ಮೇಲೆ ನಾನು ಕೋಣೆಗೆ ಬಂದು ಸುಮ್ನೆ ಕೂತೆ. ಆ ದಿನದಿಂದಲೇ ತಪಾಸಣೆ ಬೇರೆ, ಮಾರ್ಗದರ್ಶನ ಬೇರೆ ಅಂತ ನನಗೆ ಗಟ್ಟಿಯಾಗಿ ತಿಳಿದದ್ದು. ತಪಾಸಣೆ ಬೇಡ ಅಂತ ನಾನು ಹೇಳುವುದಿಲ್ಲ. ಎರಡನ್ನೂ ಒಬ್ಬರೇ ಮಾಡಿದರೆ ಮಾರ್ಗದರ್ಶನ ಸೋಲುತ್ತದೆ, ಅಷ್ಟೇ.

ಪಕ್ಕದ ಕೋಣೆಯ ಹಿರಿಯರು

ನನ್ನ ಕೇಳಿದರೆ ಮೊದಲ ವರ್ಷಕ್ಕೆ ಇದಕ್ಕಿಂತ ದೊಡ್ಡ ಸಹಾಯ ಇಲ್ಲ. ಇದಕ್ಕೆ ಆದೇಶ ಬೇಡ, ಪ್ರಯಾಣ ಭತ್ಯೆ ಬೇಡ, ರಜೆ ಹಾಕೋದು ಬೇಡ. ಆದರೆ ಶಾಲೆಯಲ್ಲಿ ಒಳ್ಳೆಯ ಹಿರಿಯರು ಇರಬೇಕು.

ನನ್ನ ಮೊದಲ ಶಾಲೆ ಯಲಬುರ್ಗಾ ತಾಲ್ಲೂಕಿನಲ್ಲಿತ್ತು. ಮೂರು ಕೋಣೆ, ಮೂವರು ಶಿಕ್ಷಕರು. ನನಗೆ ನಲಿಕಲಿ ಕೊಟ್ಟರು. ಒಂದು, ಎರಡು, ಮೂರನೇ ತರಗತಿ ಒಂದೇ ಕೋಣೆಯಲ್ಲಿ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ನಲಿಕಲಿಯಲ್ಲಿ ಮಕ್ಕಳು ಐದು ತಟ್ಟೆಗಳಲ್ಲಿ, ಅಂದರೆ ಐದು ಗುಂಪುಗಳಲ್ಲಿ, ಕೂರುತ್ತಾರೆ. ಮೊದಲ ತಟ್ಟೆಗೆ ಟೀಚರ್ ಪೂರ್ತಿ ಸಹಾಯ ಮಾಡಬೇಕು, ಎರಡನೆಯದಕ್ಕೆ ಸ್ವಲ್ಪ. ಮೂರು, ನಾಲ್ಕರಲ್ಲಿ ಗೆಳೆಯರೇ ಹೇಳಿಕೊಡುತ್ತಾರೆ. ಐದನೆಯದು ಸ್ವಕಲಿಕೆ. ಮಗು ಕಲಿಕಾ ಏಣಿಯಲ್ಲಿ ಒಂದೊಂದೇ ಮೆಟ್ಟಿಲು ಹತ್ತುತ್ತಾ, ಕಾರ್ಡ್ ತೆಗೆದುಕೊಂಡು, ತಟ್ಟೆ ಬದಲಿಸುತ್ತಾ ಹೋಗುತ್ತದೆ. ಓದುವಾಗ ಎಷ್ಟು ಚೆಂದ ಅಲ್ವಾ? ಮೂವತ್ತು ಮಕ್ಕಳನ್ನು ಇಟ್ಟುಕೊಂಡು ನಡೆಸುವಾಗ ಮೊದಲ ತಿಂಗಳು ಕಣ್ಣೀರು ಬರುತ್ತದೆ.

ನಾಲ್ಕು ಮತ್ತು ಐದನೇ ತರಗತಿ ನೋಡುತ್ತಿದ್ದ ಹಿರಿಯ ಅಕ್ಕೋರು ಒಂದು ದಿನ ತಮ್ಮ ಮಕ್ಕಳಿಗೆ ಬರೆಯೋ ಕೆಲಸ ಕೊಟ್ಟು, ಬಾಗಿಲು ತೆರೆದಿಟ್ಟು, ನನ್ನ ಕೋಣೆಗೆ ಬಂದು ಗೋಡೆಗೆ ಆತು ಚಾಪೆ ಮೇಲೆ ಕೂತರು. ಕೈಯಲ್ಲಿ ಒಂದು ಹಾಳೆ. ಅದರ ಮೇಲೆ ಐದು ಸುತ್ತು ಹಾಕಿಕೊಂಡಿದ್ದರು, ಐದು ತಟ್ಟೆಗೆ ಐದು ಸುತ್ತು. ನಾನು ಯಾವ ತಟ್ಟೆ ಹತ್ತಿರ ಹೋಗಿ ಬಗ್ಗಿದರೂ ಆ ಸುತ್ತಿನಲ್ಲಿ ಒಂದು ಚುಕ್ಕಿ ಇಟ್ಟರು. ಮುಗಿದ ಮೇಲೆ ಏನೂ ಹೇಳಲಿಲ್ಲ, ಹಾಳೆಯನ್ನು ನನ್ನ ಕೈಗೆ ಕೊಟ್ಟರು. "ಚುಕ್ಕಿ ಎಲ್ಲೆಲ್ಲಿ ಅದಾವ ನೀವ ನೋಡ್ರಿ ಮೇಡಂ."

ಮೊದಲ ಸುತ್ತು ಚುಕ್ಕಿಗಳಿಂದ ಕಪ್ಪಾಗಿತ್ತು. ಮೂರನೆಯದರಲ್ಲಿ ಎರಡೇ ಎರಡು. ಐದನೆಯದು ಖಾಲಿ. ಆ ಖಾಲಿ ಸುತ್ತಿನಲ್ಲಿದ್ದ ಒಬ್ಬ ಹುಡುಗಿ ತನ್ನ ಕಾರ್ಡ್ ಯಾವಾಗಲೋ ಮುಗಿಸಿ, ಮುಂದೇನು ಅಂತ ತಿಳಿಯದೆ, ಅದನ್ನೇ ಸ್ಲೇಟಿನ ಮೇಲೆ ಬರೆದು ಅಳಿಸಿ ಬರೆದು ಅಳಿಸಿ ಮಾಡುತ್ತಿದ್ದಳಂತೆ. "ಆ ಹುಡುಗಿ ಮುಗ್ಸಿ ಇಪ್ಪತ್ತು ನಿಮಿಷ ಆಗಿತ್ತರಿ. ನಿಮ್ಮ ಮುಖಾನ ನೋಡಾಕತ್ತಿತ್ತು." ನಾನು ಒಮ್ಮೆಯೂ ಆ ಕಡೆ ತಿರುಗಿರಲಿಲ್ಲ.

ಇದನ್ನು ಯಾವ ಪುಸ್ತಕವೂ ನನಗೆ ತೋರಿಸುತ್ತಿರಲಿಲ್ಲ. ಮಾರನೇ ದಿನದಿಂದ ಹತ್ತು ನಿಮಿಷಕ್ಕೊಮ್ಮೆ ಐದೂ ತಟ್ಟೆ ಸುತ್ತಿ ಬರುವ ಅಭ್ಯಾಸ ಮಾಡಿಕೊಂಡೆ. ಮಕ್ಕಳೇ ಪ್ರಗತಿ ನೋಟದಲ್ಲಿ ಗುರುತು ಹಾಕಿ ಮುಂದಿನ ಕಾರ್ಡ್ ತೆಗೆದುಕೊಳ್ಳೋದನ್ನು ಕಲಿಸಿದೆ.

ಅದೇ ಅಕ್ಕೋರು ಇನ್ನೊಂದು ತಪ್ಪು ತಿದ್ದಿದರು. ನಮ್ಮ ಶಾಲೆಗೆ ತಾಂಡಾದ ಮಕ್ಕಳೂ ಬರುತ್ತಿದ್ದರು. ರೊಟ್ಟಿಯ ಚಿತ್ರ ತೋರಿಸಿದರೆ ಒಂದು ಮಗು "ಬಾಟಿ" ಅಂದಿತು. ನಾನು "ಅಲ್ಲ, ರೊಟ್ಟಿ" ಅಂದೆ. ಮಗು ಬಾಯಿ ಮುಚ್ಚಿತು, ಅವತ್ತು ಮತ್ತೆ ತೆರೆಯಲಿಲ್ಲ. ಊಟದ ಹೊತ್ತಿಗೆ ಅಕ್ಕೋರು ಹೇಳಿದರು: "ಅಲ್ಲ ಅನಬ್ಯಾಡ್ರಿ. ಅದು ಆಕಿ ಮನಿ ಮಾತು. ಹೌದವ್ವ, ಬಾಟಿ, ನಾವು ರೊಟ್ಟಿ ಅಂತೀವಿ ಅನ್ರಿ." ಒಂದು ವಾಕ್ಯದ ಬದಲಾವಣೆ ಅಷ್ಟೇ. ಆದರೆ ಆ ಮಗು ಮಾತಾಡಿತು. ನಮ್ಮ ಮೂರು ಜಿಲ್ಲೆಯಲ್ಲಿ ಇಂಥ ತರಗತಿಗಳು ಎಷ್ಟೊಂದು! ಲಿಂಗಸುಗೂರು, ಕುಷ್ಟಗಿ, ಸಂಡೂರು ಕಡೆ ತಾಂಡಾಗಳು. ಬಳ್ಳಾರಿ, ಸಿರುಗುಪ್ಪ, ರಾಯಚೂರಿನ ಗಡಿ ಹಳ್ಳಿಗಳಲ್ಲಿ ಮನೆಯಲ್ಲಿ ತೆಲುಗು ಆಡುವ ಮಕ್ಕಳು. ಬೆಂಗಳೂರಲ್ಲಿ ಕೂತು ಬರೆದ ತರಬೇತಿ ಪುಸ್ತಕಕ್ಕೆ ನಿಮ್ಮೂರಿನ ಮಗು ರೊಟ್ಟಿಗೆ ಏನನ್ನುತ್ತದೆ ಅಂತ ಗೊತ್ತಿರಲ್ಲ. ಹತ್ತು ವರ್ಷ ಅಲ್ಲೇ ಇದ್ದವರಿಗೆ ಗೊತ್ತಿರುತ್ತದೆ.

ಈಗ ಇದರ ತೊಂದರೆಗಳನ್ನೂ ಹೇಳಬೇಕು. ಎಲ್ಲ ಹಿರಿಯರೂ ಆ ಅಕ್ಕೋರ ಹಾಗೆ ಇರುವುದಿಲ್ಲ. ಕೆಲವರು ದಣಿದಿರುತ್ತಾರೆ. ಹೆಡ್‌ಮಾಸ್ತರ್ ಚಾರ್ಜು, ಬಿಸಿಯೂಟ, ಸ್ಯಾಟ್ಸ್‌ನಲ್ಲಿ ಮಕ್ಕಳ ಮಾಹಿತಿ ಎಂಟ್ರಿ, ಶಾಲಾ ಸಮಿತಿ (ಎಸ್‌ಡಿಎಂಸಿ) ಸಭೆ, ಇಷ್ಟರ ನಡುವೆ ನಿಮ್ಮ ತರಗತಿಗೆ ಬಂದು ಕೂರಲು ಅವರಿಗೆ ಹೊತ್ತೇ ಇರಲ್ಲ. ಇನ್ನು ಕೆಲವರು "ಇಲ್ಲಿ ಹಿಂಗ ನಡಿತೈತಿ" ಅಂತ ಹಳೆಯದನ್ನೇ ಕೈಗೆ ಕೊಡುತ್ತಾರೆ. ಕೋಲು ಹಿಡಿದರೆ ತರಗತಿ ಸುಮ್ಮನಿರುತ್ತದೆ ಅಂತ ಯಾರಾದರೂ ಹೇಳಿದರೆ ಆ ಪಾಠ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಅವರಿಂದ ಮಕ್ಕಳ ಮನೆಯ ವಿಚಾರ ಕಲಿಯಿರಿ, ಕೋಲನ್ನು ಅವರಿಗೇ ಬಿಡಿ. ಏಕೋಪಾಧ್ಯಾಯ ಶಾಲೆಯಾದರೆ ಪಕ್ಕದ ಕೋಣೆಯೇ ಇಲ್ಲ. ಅಂಥವರು ಮುಂದಿನದನ್ನು ನೋಡಿ.

ಸಿಆರ್‌ಪಿ ಮತ್ತು ಕ್ಲಸ್ಟರ್ ಸಭೆ

ಸಿಆರ್‌ಪಿ ಹುದ್ದೆ ಹುಟ್ಟಿದ್ದೇ ಶಿಕ್ಷಕರಿಗೆ ಹತ್ತಿರದಲ್ಲಿ ಒಬ್ಬರು ಸಿಗಲಿ ಅಂತ. 1990ರ ದಶಕದಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ (ಡಿಪಿಇಪಿ) ಬಂದಾಗ ರಾಜ್ಯದಲ್ಲಿ ಮೊದಲು ಆರಿಸಿದ ನಾಲ್ಕು ಜಿಲ್ಲೆಗಳಲ್ಲಿ ರಾಯಚೂರು ಒಂದು. ಆಗ ಕೊಪ್ಪಳವೂ ರಾಯಚೂರಿನ ಒಳಗೇ ಇತ್ತು, ಬೇರೆ ಜಿಲ್ಲೆ ಆದದ್ದು 1997ರಲ್ಲಿ. ಬಳ್ಳಾರಿ ಎರಡನೇ ಹಂತದಲ್ಲಿ ಸೇರಿತು. ಹಾಗಾಗಿ ಕ್ಲಸ್ಟರ್ ಅನ್ನೋದು ನಮ್ಮ ಭಾಗಕ್ಕೆ ಹೊಸದಲ್ಲ.

ಸಿಆರ್‌ಪಿಗಳೂ ಶಿಕ್ಷಕರೇ. ಅದೇ ಬಿಸಿಲು, ಅದೇ ಬಸ್ಸು ಕಂಡವರು. ಅಕ್ಕಪಕ್ಕದ ಶಾಲೆಗಳಲ್ಲಿ ಯಾರು ಏನು ಚೆನ್ನಾಗಿ ಮಾಡುತ್ತಿದ್ದಾರೆ ಅನ್ನೋದು ಅವರಿಗೆ ಗೊತ್ತು. ಇದೇ ಅವರ ದೊಡ್ಡ ಬಲ, ಆದರೆ ಹೊಸಬರು ಇದನ್ನು ಬಳಸಿಕೊಳ್ಳುವುದೇ ಕಡಿಮೆ. "ಸರ, ನಮ್ಮ ಕ್ಲಸ್ಟರಿನಾಗ ನಲಿಕಲಿ ಚೆಂದ ಮಾಡೋ ಸಾಲಿ ಯಾವ್ದು? ಒಂದಿನ ಹೋಗಿ ನೋಡ್ಲೇನ್ರಿ?" ಅಂತ ಕೇಳಿ. ನಲಿಕಲಿ ಹುಟ್ಟಿದ್ದೂ ಹೀಗೇ. 1995ರ ಹೊತ್ತಿಗೆ ಎಚ್.ಡಿ. ಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಶಾಲೆಗಳನ್ನು ಕಣ್ಣಾರೆ ನೋಡಿ ಬಂದು, ತಮ್ಮ ಕೈಯಿಂದ ಕಾರ್ಡ್ ಮಾಡಿ ಶುರು ಮಾಡಿದರು. ಆಮೇಲೆ 2009ರ ಹೊತ್ತಿಗೆ ಅದು ರಾಜ್ಯಕ್ಕೆಲ್ಲ ಹಬ್ಬಿತು. ಬೇರೆಯವರ ತರಗತಿಯಲ್ಲಿ ಒಂದು ದಿನ ಕೂರೋದರಿಂದ ಏನಾಗುತ್ತೆ ಅನ್ನೋರಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಆದರೆ ಲೆಕ್ಕ ಹಾಕಿ ನೋಡಿ. ಸರ್ವ ಶಿಕ್ಷಾ ಅಭಿಯಾನದ ಕಾಲದ ಲೆಕ್ಕದಲ್ಲಿ ಸರಾಸರಿ 18 ಶಾಲೆಗೆ ಒಂದು ಕ್ಲಸ್ಟರ್. ತಿಂಗಳಿಗೆ ಇಪ್ಪತ್ನಾಲ್ಕು ದಿನ ಶಾಲೆ ನಡೆದರೂ ಅದರಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿ ಸಭೆ, ಮಾಹಿತಿ ಕ್ರೋಡೀಕರಣ, ಪುಸ್ತಕ ಹಂಚಿಕೆ, ಶೂ, ಮೊಟ್ಟೆ ಲೆಕ್ಕ. ನಿಮ್ಮ ಶಾಲೆಗೆ ತಿಂಗಳಿಗೆ ಒಂದು ಸಲ ಬಂದರೆ ಹೆಚ್ಚು. ಬಂದಾಗಲೂ ನಮೂನೆ ತುಂಬೋ ಕೆಲಸ ಇರುತ್ತದೆ. ಹಾಗಾಗಿ ಸಿಆರ್‌ಪಿಯನ್ನು ದಿನದಿನದ ಮಾರ್ಗದರ್ಶಕರು ಅಂತ ನಂಬಿ ಕೂರಬೇಡಿ. ದಾರಿ ತೋರಿಸುವವರು, ಜನರನ್ನು ಜೋಡಿಸುವವರು ಅಂತ ತಿಳಿಯಿರಿ. ಅವರು ಬರುವ ದಿನ ಮೊದಲೇ ಗೊತ್ತಾದರೆ ಫೋನ್ ಮಾಡಿ, "ಅವತ್ತು ಗಣಿತ ಪಿರಿಯಡ್ ಒಂದು ಕೂತು ನೋಡ್ರಿ ಸರ" ಅಂತ ಹೇಳಿಬಿಡಿ. ಕೇಳಿದರೆ ಬಹಳ ಜನ ಕೂರುತ್ತಾರೆ. ಕೇಳುವವರೇ ಇಲ್ಲದ್ದರಿಂದ ದಾಖಲೆ ನೋಡಿ ಹೊರಡುತ್ತಾರೆ.

ಡಯಟ್

1986ರ ಶಿಕ್ಷಣ ನೀತಿಯ ನಂತರ ಜಿಲ್ಲೆಗೊಂದರಂತೆ ಬಂದ ಸಂಸ್ಥೆ ಇದು. ಕೊಪ್ಪಳದ್ದು ತುಂಗಭದ್ರಾ ಡ್ಯಾಮಿನ ಮಗ್ಗುಲಿನ ಮುನಿರಾಬಾದಿನಲ್ಲಿದೆ, ರಾಯಚೂರಿನದು ಯರಮರಸ್‌ನಲ್ಲಿ, ಬಳ್ಳಾರಿಯದು ಬಳ್ಳಾರಿಯಲ್ಲೇ.

ವಿಷಯದ ಆಳ ಬೇಕೆಂದರೆ ಡಯಟ್ ಒಳ್ಳೆಯದು. ಹೊಸಬರಿಗೆ ಕೊಡುವ ಬುನಾದಿ ತರಬೇತಿ ತಪ್ಪಿಸಬೇಡಿ, ಸೇವಾ ನಿಯಮ, ರಜೆ, ಮೌಲ್ಯಮಾಪನ, ಎಲ್ಲ ಅಲ್ಲಿ ಒಂದೇ ಕಡೆ ಸಿಗುತ್ತದೆ. ನಿಮ್ಮ ಹಾಗೇ ಹೊಸದಾಗಿ ಬಂದ ಮೂವತ್ತು ನಲವತ್ತು ಜನ ಸಿಗುತ್ತಾರೆ. ಅವರಲ್ಲಿ ಇಬ್ಬರು ಮೂವರ ನಂಬರ್ ಜೋಪಾನ ಮಾಡಿ. ಆದರೆ ತರಬೇತಿಯ ಸಭಾಂಗಣದಲ್ಲಿ ನಿಮ್ಮ ಮಕ್ಕಳಿರುವುದಿಲ್ಲ. ಮಸ್ಕಿಯಿಂದ ಯರಮರಸ್‌ಗೆ, ಕುಷ್ಟಗಿಯಿಂದ ಮುನಿರಾಬಾದಿಗೆ ಹೋಗಿ ಬರೋದೇ ಒಂದು ದಿನದ ಕೆಲಸ, ಆ ದಿನ ನಿಮ್ಮ ಮಕ್ಕಳಿಗೆ ಪಾಠ ಇಲ್ಲ. ಡಯಟ್‌ನ ಒಬ್ಬೊಬ್ಬ ಉಪನ್ಯಾಸಕರಿಗೆ ಒಂದೊಂದು ತಾಲ್ಲೂಕಿನ ನೋಡಲ್ ಹೊಣೆ ಕೊಟ್ಟಿರುತ್ತಾರೆ. ನಿಮ್ಮ ತಾಲ್ಲೂಕಿನವರು ಯಾರು ಅಂತ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ಕೇಳಿ ತಿಳಿದುಕೊಳ್ಳಿ. ಅವರು ತಾಲ್ಲೂಕಿಗೆ ಬಂದಾಗ ಭೇಟಿಯಾದರೆ ಪ್ರಯಾಣ ತಪ್ಪುತ್ತದೆ.

ಕಲಿಕಾ ಕೇಂದ್ರಗಳು

ಕಲ್ಯಾಣ ಕರ್ನಾಟಕದಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಬಹಳ ವರ್ಷಗಳಿಂದ ಸರ್ಕಾರಿ ಶಾಲೆಗಳ ಜೊತೆ ಕೆಲಸ ಮಾಡುತ್ತಿದೆ. ಅವರು ನಡೆಸುವ ಶಿಕ್ಷಕರ ಕಲಿಕಾ ಕೇಂದ್ರಗಳಲ್ಲಿ ಪುಸ್ತಕ, ಗಣಿತ ಮತ್ತು ವಿಜ್ಞಾನದ ಸಾಮಗ್ರಿ, ಕೂತು ಮಾತಾಡಲು ಜಾಗ ಇರುತ್ತದೆ. ಶಾಲೆ ಬಿಟ್ಟ ಮೇಲೆ ಅಥವಾ ರಜೆ ದಿನ ಶಿಕ್ಷಕರು ತಾವಾಗಿ ಸೇರುತ್ತಾರೆ. ಅಲ್ಲಿನ ಸಂಪನ್ಮೂಲ ವ್ಯಕ್ತಿಗಳು ಕರೆದರೆ ಶಾಲೆಗೂ ಬಂದು ತರಗತಿ ನೋಡುತ್ತಾರೆ, ಕೆಲವು ಸಲ ತಾವೇ ಪಾಠ ಮಾಡಿ ತೋರಿಸುತ್ತಾರೆ.

ನನಗೆ ಇದರಲ್ಲಿ ಬಹಳ ಇಷ್ಟವಾದದ್ದು, ಅಲ್ಲಿ ಯಾರೂ ನಮ್ಮ ವರದಿ ಬರೆಯುವವರಲ್ಲ. ಗೊತ್ತಿಲ್ಲ ಅಂತ ಧೈರ್ಯವಾಗಿ ಹೇಳಬಹುದು. ಒಂದು ಶನಿವಾರ ಮಧ್ಯಾಹ್ನ ನಾವು ಏಳು ಜನ ಕೂತು ಬರೀ ಸ್ಥಾನಬೆಲೆ ಬಗ್ಗೆ ಎರಡು ತಾಸು ಮಾತಾಡಿದೆವು. ಹುರಿಗಡಲೆ ಪೊಟ್ಟಣ ಬಿಚ್ಚಿ, ಹತ್ತು ಹತ್ತರ ಗುಂಪು ಮಾಡಿ, ದಶಕ ಬಿಚ್ಚಿ ಬಿಡಿಯಾಗಿಸುವುದನ್ನು ಮಾಡಿ ನೋಡಿದೆವು. ಅವತ್ತು ನನಗೆ ಆ ಕಳೆಯುವ ಲೆಕ್ಕಕ್ಕೆ ಉತ್ತರ ಸಿಕ್ಕಿತು. ಸೋಮವಾರ ತರಗತಿಯಲ್ಲಿ ಕಡಲೆಯ ಬದಲು ಬೆಂಕಿಕಡ್ಡಿ ಕಟ್ಟು ತೆಗೆದುಕೊಂಡು ಹೋದೆ. ಐವತ್ಮೂರರಲ್ಲಿ ಇಪ್ಪತ್ತೇಳು ಕಳೆಯಬೇಕಾದಾಗ ಒಬ್ಬ ಹುಡುಗ ತಾನಾಗಿ ಒಂದು ಕಟ್ಟಿನ ದಾರ ಬಿಚ್ಚಿದ.

ಕೊರತೆ ಅಂದರೆ ದೂರ. ಕೇಂದ್ರ ಎಲ್ಲ ಹೋಬಳಿಯಲ್ಲೂ ಇಲ್ಲ. ಸಂಜೆ ಕೊನೆ ಬಸ್ಸು ಐದೂವರೆಗೆ ಇರುವ ಊರಿನ ಶಿಕ್ಷಕಿಗೆ, ಮನೆಯಲ್ಲಿ ಚಿಕ್ಕ ಮಗು ಇರುವವರಿಗೆ, ಶಾಲೆ ಬಿಟ್ಟ ಮೇಲೆ ಬನ್ನಿ ಅನ್ನೋದು ಸುಲಭದ ಮಾತಲ್ಲ. ಅಂಥವರು ತಿಂಗಳಿಗೊಮ್ಮೆ ಆದರೂ ಸಾಕು.

ಫೋನಿನೊಳಗಿನ ಸಹಾಯ

ದೀಕ್ಷಾ 2017ರಿಂದ ಇದೆ. ನಮ್ಮ ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ತೆರೆಯುವುದು ಅದೇ. ನಿಷ್ಠಾ ತರಬೇತಿ 2019ರಲ್ಲಿ ಶುರುವಾಗಿ, ಕೋವಿಡ್ ಹೊತ್ತಿಗೆ ದೀಕ್ಷಾದ ಮೇಲೆ ಬಂತು. ನಾಳೆ ದ್ಯುತಿಸಂಶ್ಲೇಷಣೆ ಪಾಠ ಇದೆ, ರಾತ್ರಿ ಒಂದು ವಿಡಿಯೊ ನೋಡಬೇಕು ಅನ್ನೋದಕ್ಕೆ ಇವು ಸರಿ. ಪ್ರೌಢಶಾಲೆಯವರಿಗೆ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣ, ಅಂದರೆ ಕೋಯರ್, ಕನ್ನಡದಲ್ಲೇ ಇರುವುದರಿಂದ ಉಪಯೋಗ ಜಾಸ್ತಿ. ವಾಟ್ಸಾಪ್ ಗುಂಪಿನಲ್ಲಿ ಆದೇಶ ಬೇಗ ಸಿಗುತ್ತದೆ, ಪ್ರಶ್ನೆಪತ್ರಿಕೆ ಸಿಗುತ್ತದೆ. ಆದರೆ ಇನ್ನೂರು ಜನರ ಮುಂದೆ ಯಾರೂ ತಮ್ಮ ಕಷ್ಟ ಹೇಳಿಕೊಳ್ಳಲ್ಲ. ಬೇರೆಯವರ ಪಾಠ ಯೋಜನೆ ಡೌನ್‌ಲೋಡ್ ಮಾಡಿ ನಕಲು ಬರೆದು ಸಹಿ ಮಾಡಿಸೋದು ಅಲ್ಲೇ ಶುರುವಾಗೋದು. ದಯವಿಟ್ಟು ಮೊದಲ ವರ್ಷ ಅದನ್ನು ಮಾಡಬೇಡಿ. ನಿಮ್ಮ ಕೈಯಲ್ಲೇ ನಾಲ್ಕು ಸಾಲು ಬರೆದರೂ ಅದೇ ನಿಮಗೆ ಕಲಿಸುತ್ತದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಕಲಿಕೆ ಇರಬೇಕು ಅಂದಿದೆ. ರಾಷ್ಟ್ರೀಯ ಮಾರ್ಗದರ್ಶನ ಮಿಷನ್ ಅನ್ನೋದನ್ನೂ ಅದರಲ್ಲೇ ಹೇಳಿದೆ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಳಿ (ಎನ್‌ಸಿಟಿಇ) 2022ರಲ್ಲಿ ಅದನ್ನು 30 ಕೇಂದ್ರೀಯ ಶಾಲೆಗಳಲ್ಲಿ ಪ್ರಾಯೋಗಿಕವಾಗಿ ಶುರು ಮಾಡಿತು. ನಮ್ಮ ಹಳ್ಳಿ ಶಾಲೆಯ ಹೊಸ ಟೀಚರ್ ಇವತ್ತು ಅದನ್ನು ನಂಬಿ ಕಾಯುವ ಹಾಗಿಲ್ಲ. ಆದರೆ 50 ಗಂಟೆಯ ಮಾತು ನೆನಪಿರಲಿ. ಆ ಗಂಟೆಗಳನ್ನೆಲ್ಲ ಬರೀ ವಿಡಿಯೊ ನೋಡಿ ತುಂಬಿಸಿದರೆ ಪ್ರಮಾಣಪತ್ರ ಬರುತ್ತದೆ, ತರಗತಿ ಹಾಗೇ ಉಳಿಯುತ್ತದೆ.

ಯಾರಿಗೆ ಯಾವುದು

ನಲಿಕಲಿ ಕೊಟ್ಟಿದ್ದಾರೆ, ಶಾಲೆಯಲ್ಲಿ ಒಬ್ಬರಾದರೂ ಅನುಭವದವರು ಇದ್ದಾರೆ ಅಂದರೆ ಯೋಚನೆ ಬೇಡ, ಅವರನ್ನೇ ಹಿಡಿಯಿರಿ. ವಾರಕ್ಕೆ ಒಂದು ಸಲ ಅರ್ಧ ತಾಸು ಅವರು ನಿಮ್ಮ ಕೋಣೆಯಲ್ಲಿ, ಅರ್ಧ ತಾಸು ನೀವು ಅವರ ಕೋಣೆಯಲ್ಲಿ. ಜೊತೆಗೆ ಸಿಆರ್‌ಪಿ ಕಡೆಯಿಂದ ಒಂದು ಒಳ್ಳೆಯ ಶಾಲೆಯ ಭೇಟಿ.

ಏಕೋಪಾಧ್ಯಾಯ ಶಾಲೆಯವರ ಕಷ್ಟ ಬೇರೆಯೇ. ಶಾಲೆ ಬಿಟ್ಟು ಹೋಗುವ ಹಾಗಿಲ್ಲ, ನೋಡಲು ಬರುವವರೂ ಇಲ್ಲ. ಅವರು ಹತ್ತಿರದ ಊರಿನ ಇನ್ನೊಬ್ಬ ಒಂಟಿ ಶಿಕ್ಷಕರ ಜೊತೆ ಜೋಡಿ ಮಾಡಿಕೊಳ್ಳಲಿ. ಹತ್ತು ನಿಮಿಷ ಮಕ್ಕಳು ಓದುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ರಾತ್ರಿ ಇಬ್ಬರೂ ಕೇಳಿ ಮಾತಾಡಬಹುದು. ಧ್ವನಿ ಸಾಕು, ಮಕ್ಕಳ ಮುಖ ಬೇಡ. ಕ್ಲಸ್ಟರ್ ಸಭೆಯನ್ನು ಇವರು ಯಾವ ಕಾರಣಕ್ಕೂ ತಪ್ಪಿಸಬಾರದು.

ಆರರಿಂದ ಎಂಟನೇ ತರಗತಿಗೆ ಬಂದ ಪದವೀಧರ ಶಿಕ್ಷಕರಿಗೆ ಮತ್ತು ಪ್ರೌಢಶಾಲೆಯವರಿಗೆ ಇಬ್ಬರು ಬೇಕು. ನಿಮ್ಮ ಶಾಲೆಯಲ್ಲಿ ವಿಜ್ಞಾನಕ್ಕೆ ನೀವೊಬ್ಬರೇ ಇರುತ್ತೀರಿ. ಸಮಾಜ ವಿಜ್ಞಾನದ ಹಿರಿಯರು ಮಕ್ಕಳ ಬಗ್ಗೆ ಹೇಳಬಲ್ಲರು, ವಿದ್ಯುತ್ ಮಂಡಲದ ಬಗ್ಗೆ ಅಲ್ಲ. ವಿಷಯಕ್ಕೆ ಡಯಟ್ ಇಲ್ಲವೇ ಕಲಿಕಾ ಕೇಂದ್ರದಲ್ಲಿ ಒಬ್ಬರು, ಮಕ್ಕಳಿಗೆ ಶಾಲೆಯ ಒಬ್ಬರು.

ಅತಿಥಿ ಶಿಕ್ಷಕರ ವಿಷಯದಲ್ಲಿ ನನಗೆ ಸಂಕಟವಿದೆ. ಅವರನ್ನು ತರಬೇತಿಗೆ ಕರೆಯೋದು ಅಪರೂಪ. ಮುಂದಿನ ವರ್ಷ ಇರುತ್ತಾರೋ ಇಲ್ಲವೋ ಅಂತ ಹಿರಿಯರೂ ಮನಸ್ಸಿಟ್ಟು ಹೇಳಿಕೊಡಲ್ಲ. ಆದರೆ ಮಕ್ಕಳಿಗೆ ಕಾಯಂ ಟೀಚರ್, ಅತಿಥಿ ಟೀಚರ್ ಅನ್ನೋ ಭೇದ ಇಲ್ಲ. ಆ ವರ್ಷ ಮೂರನೇ ತರಗತಿ ಅವರ ಕೈಯಲ್ಲಿದ್ದರೆ ಆ ಮಗುವಿನ ಮೂರನೇ ತರಗತಿ ಅಷ್ಟೇ, ಮತ್ತೆ ಬರಲ್ಲ. ಹೆಡ್‌ಮಾಸ್ತರರು ಇದನ್ನು ಓದುತ್ತಿದ್ದರೆ ಕೈಮುಗಿದು ಕೇಳುತ್ತೇನೆ, ಅತಿಥಿ ಶಿಕ್ಷಕರನ್ನು ಜೂನ್ ತಿಂಗಳಲ್ಲೇ ಒಬ್ಬ ಹಿರಿಯರ ಜೊತೆ ಜೋಡಿಸಿ. ಅತಿಥಿ ಶಿಕ್ಷಕರೇ, ದೀಕ್ಷಾ ನಿಮಗೂ ತೆರೆದಿದೆ. ಕಲಿಕಾ ಕೇಂದ್ರ ಹತ್ತಿರ ಇದ್ದರೆ ಹೋಗಿ ಕೇಳಿ, ಸಂಕೋಚ ಬೇಡ.

ಖಾಸಗಿ ಶಾಲೆಯವರಿಗೆ ಸಿಆರ್‌ಪಿ, ಡಯಟ್ ಸಹಾಯ ಸಿಗೋದು ಕಡಿಮೆ. ಗಂಗಾವತಿ, ಸಿಂಧನೂರು, ಬಳ್ಳಾರಿಯ ಸ್ವಲ್ಪ ದೊಡ್ಡ ಶಾಲೆಗಳಲ್ಲಿ ವಿಷಯಕ್ಕೊಬ್ಬ ಹಿರಿಯರು ಇರುತ್ತಾರೆ. ಕೆಲಸಕ್ಕೆ ಸೇರುವಾಗ ಸಂಬಳದ ಜೊತೆ ಇದನ್ನೂ ಕೇಳಿ: ಮೊದಲ ಮೂರು ತಿಂಗಳು ನನ್ನ ತರಗತಿ ಯಾರು ನೋಡುತ್ತಾರೆ?

ಯಾವಾಗ ಕೇಳಬೇಕು

ಇದು ನಮ್ಮ ಭಾಗಕ್ಕೇ ವಿಶೇಷವಾದ ಮಾತು. ಜೂನ್, ಜುಲೈ, ಆಗಸ್ಟ್ ನಿಮ್ಮ ತರಗತಿ ತುಂಬಿರುತ್ತದೆ. ದಸರಾ ಮುಗಿದು ಹತ್ತಿ ಬಿಡಿಸೋ ಕಾಲ ಬಂತೆಂದರೆ ಮಕ್ಕಳು ಹೊಲದಲ್ಲಿ. ಮೆಣಸಿನಕಾಯಿ ಬಂದಾಗ ಮತ್ತೆ ಅದೇ. ಮಳೆ ಕೈಕೊಟ್ಟ ವರ್ಷ ದೇವದುರ್ಗ, ಮಸ್ಕಿ, ಕುಷ್ಟಗಿ ಕಡೆಯ ಮನೆಯವರು ಬೀಗ ಹಾಕಿ ಕೆಲಸ ಹುಡುಕಿ ಬೇರೆ ಊರಿಗೆ ಗುಳೆ ಹೊರಡುತ್ತಾರೆ, ಮಕ್ಕಳೂ ಜೊತೆಗೆ. ಹೊಸ ಶಿಕ್ಷಕರು ಇದನ್ನು ಕಂಡು ತಮ್ಮ ಪಾಠ ಚೆನ್ನಾಗಿಲ್ಲ ಅಂತ ಕುಗ್ಗುತ್ತಾರೆ. ಹಾಗಲ್ಲ.

ಆದ್ದರಿಂದ ತರಗತಿ ನೋಡಿಸಿಕೊಳ್ಳುವ ಕೆಲಸವನ್ನು ದಸರಾದ ಒಳಗೇ ಮಾಡಿಸಿಕೊಳ್ಳಿ, ಮಕ್ಕಳು ಇರುವಾಗಲೇ. ಯಾವ ಮನೆಯವರು ಯಾವಾಗ ಹೊರಡುತ್ತಾರೆ, ಅಜ್ಜಿ ಹತ್ತಿರ ಬಿಟ್ಟುಹೋಗುವ ಮಕ್ಕಳು ಯಾರು, ಇದನ್ನು ಊರು ಬಲ್ಲ ಹಿರಿಯರ ಹತ್ತಿರ ಸೆಪ್ಟೆಂಬರ್‌ನಲ್ಲೇ ಕೇಳಿ ಬರೆದಿಟ್ಟುಕೊಳ್ಳಿ. ಗುಳೆ ಹೋಗುವ ಮನೆಗಳ ಮಕ್ಕಳಿಗೆ ಸರ್ಕಾರದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಋತುಮಾನದ ವಸತಿ ವ್ಯವಸ್ಥೆಗೆ ಅವಕಾಶ ಇದೆ. ಅದನ್ನು ಕೇಳಬೇಕಾದ್ದು ಸಿಆರ್‌ಪಿಯನ್ನು, ಕೇಳಬೇಕಾದ್ದು ಮನೆಗೆ ಬೀಗ ಬೀಳುವ ಮೊದಲು.

ಜೋಡಿ ಹೊಂದದಿದ್ದರೆ

ಒಂದು ತಿಂಗಳು ನೋಡಿ. ನಿಮ್ಮ ಮಾರ್ಗದರ್ಶಕರ ಜೊತೆ ಮಾತಾಡಿ ಬಂದ ಮೇಲೆ ನಾಳೆ ಮಾಡಿ ನೋಡಲು ಒಂದು ಸಣ್ಣ ಕೆಲಸ ಕೈಯಲ್ಲಿ ಇದೆಯಾ? ಇದ್ದರೆ ಮುಂದುವರಿಸಿ. ಪ್ರತಿ ಸಲ ಬರೀ ನಿಮ್ಮ ತಪ್ಪಿನ ಪಟ್ಟಿ ಹೊತ್ತು ಬರುತ್ತಿದ್ದರೆ, ಇಲ್ಲ ನೀವು ಹೇಳಿದ್ದು ಸ್ಟಾಫ್ ರೂಮಿನಲ್ಲಿ ಕಥೆಯಾಗಿ ನಿಮಗೇ ತಿರುಗಿ ಬಂದರೆ, ಬೇರೆಯವರನ್ನು ಹುಡುಕಿ. ಜಗಳ ಮಾಡಬೇಕಿಲ್ಲ. ನಮಸ್ಕಾರ ಹೇಳಿ, ಊಟ ಜೊತೆಗೇ ಮಾಡಿ, ಪಾಠದ ಮಾತು ಬೇರೆ ಕಡೆ ಆಡಿ.

ಲಿಂಗಸುಗೂರಿನ ಆ ಹುಡುಗಿ ಆಗಸ್ಟ್‌ನಲ್ಲಿ ಮತ್ತೆ ಫೋನ್ ಮಾಡಿದ್ದಳು. ಅವಳ ಶಾಲೆಯ ಹಿರಿಯರಿಗೆ ಬರಲು ಪುರುಸೊತ್ತು ಇರಲಿಲ್ಲ. ಎರಡು ಕಿಲೋಮೀಟರ್ ಆಚೆಯ ಊರಿನ ಟೀಚರೊಬ್ಬರು ಶನಿವಾರ ಮುಂಜಾನೆ ಶಾಲೆ ಮುಗಿದ ಮೇಲೆ ಸ್ಕೂಟಿ ಮೇಲೆ ಬರುತ್ತಾರಂತೆ. ಮೊದಲ ಸಲ ಬಂದಾಗ ಅವರೂ ಒಂದು ಖಾಲಿ ಹಾಳೆ ತಂದಿದ್ದರಂತೆ. ಮಕ್ಕಳು ಮನೆಗೆ ಹೋಗಿದ್ದರು, ಅದಕ್ಕೆ ಇವಳೇ ಐದು ತಟ್ಟೆ ಜಾಗದಲ್ಲಿ ಐದು ಚಾಪೆ ಹಾಸಿ, ಯಾರು ಎಲ್ಲಿ ಕೂರುತ್ತಾರೆ ಅಂತ ಒಬ್ಬೊಬ್ಬರ ಹೆಸರು ಹೇಳುತ್ತಾ ಹೋದಳಂತೆ. ಮೂವತ್ತೆರಡರಲ್ಲಿ ಇಪ್ಪತ್ತೊಂಬತ್ತು ಹೆಸರು ಬಂದವು. ಉಳಿದ ಮೂರು ಮಕ್ಕಳು ಎಲ್ಲಿ ಕೂರುತ್ತಾರೆ ಅನ್ನೋದು ನೆನಪಾಗಲಿಲ್ಲ. ಸೋಮವಾರ ಮೊದಲು ಆ ಮೂವರ ಹತ್ತಿರವೇ ಹೋಗಿ ಕೂತಳಂತೆ.